ಹೊಲಿದ ಅರ್ಜಿ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕಾಲರಕ್ಕ ಎಂದೇ ಕರೆಯುವುದು. ಸರ್ಕಾರಿ ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯುವವರು ಅಲ್ಲಿ ಇನ್ನೂ ಇಬ್ಬರಿದ್ದಾರೆ. ಆದರೆ ಅವರು ಹೊಲಿದ ಅಂಗಿಯ ಕಾಲರು ಮೂರು ಒಗೆತಕ್ಕೆ ನಾಯಿಯ ಕಿವಿಯ ಹಾಗೆ ಜೋತುಬೀಳುತ್ತದೆ. ಇವಳದು ಹಾಗಲ್ಲ. ವರ್ಷದ ಕೊನೆಗೆ ಅಂಗಿಯ ಮೊಣಕೈ ಸವೆದು ಜಾಳಾಗಿರುತ್ತದೆ, ಗುಂಡಿ ಎರಡು ಉದುರಿರುತ್ತವೆ, ಕಾಲರು ಮಾತ್ರ ಹೊಸ ಮದುಮಗನ ಹಾಗೆ ತಲೆ ಎತ್ತಿಕೊಂಡೇ ಇರುತ್ತದೆ. “ಒಳಗೇನು ತಗಡು ಹಾಕ್ತೀಯೇನೇ?” ಎಂದು ಹೆಂಗಸರು ಕೇಳಿದರೆ ಅವಳು ನಗುತ್ತಾಳೆ, ಗುಟ್ಟು ಬಿಡುವುದಿಲ್ಲ.

ಗುಟ್ಟು ಎನ್ನುವಂಥದ್ದೇನೂ ಇಲ್ಲ. ಅಳತೆ ಸರಿಯಾಗಿರಬೇಕು, ಅಷ್ಟೆ. ಅಳತೆ ಸರಿಯಾಗಿರಬೇಕಾದರೆ ಕಾಗದದ ಮಾದರಿ ಗಟ್ಟಿಯಾಗಿರಬೇಕು. ಸುದ್ದಿ ಪತ್ರಿಕೆಯಲ್ಲಿ ಕತ್ತರಿಸಿದ ಮಾದರಿ ನಾಲ್ಕು ಸಲ ಸುಣ್ಣದ ಬಳಪ ಆಡಿಸುವುದರಲ್ಲಿ ಅಂಚು ಮುದುಡಿ, ಹನ್ನೆರಡು ಇಂಚಿನ ಕೊರಳು ಹನ್ನೊಂದೂವರೆಯಾಗಿ ಕೂರುತ್ತದೆ. ಅವಳಿಗೆ ಬೇಕಾದ ದಪ್ಪ ಕಾಗದ ಸಿಗುತ್ತಿದ್ದುದು ಶಾಲೆಯಿಂದ. ಶಾಲೆಯಲ್ಲಿ ಗಂಟೆ ಹೊಡೆಯುವ, ಬಾಗಿಲು ತೆಗೆದು ಹಾಕುವ ಮುದುಕನೊಬ್ಬನಿದ್ದಾನೆ. ಗಂಟೆ ಮಾವ ಎಂದು ಊರಿಗೆಲ್ಲ ಮಾವ. ವರ್ಷಕ್ಕೊಮ್ಮೆ ಕಪಾಟು ಖಾಲಿ ಮಾಡುವಾಗ ರದ್ದಿಯಲ್ಲಿ ದಪ್ಪದ್ದನ್ನೆಲ್ಲ ಆರಿಸಿ ದಾರ ಕಟ್ಟಿ ಇವಳಿಗೆ ತಂದುಕೊಡುತ್ತಾನೆ. ಬದಲಿಗೆ ಇವಳು ಅವನ ಖಾಕಿ ಅಂಗಿಯ ಹರಿದ ಜೇಬು ಹೊಲಿದುಕೊಡುತ್ತಾಳೆ. ಆ ಜೇಬು ಏಕೆ ಅಷ್ಟು ಸಲ ಹರಿಯುತ್ತದೋ ಅವನನ್ನೇ ಕೇಳಬೇಕು.

ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಗೆ ಒತ್ತಿಕೊಂಡು ಹೊಲಿಗೆ ಯಂತ್ರ, ಅದರ ಎಡಕ್ಕೆ ಅಗಲವಾದ ಮಂಚ. ಬಟ್ಟೆ ಹರಡಿ ಕತ್ತರಿಸುವುದು ಅದರ ಮೇಲೆ, ಅತ್ತೆ ಮಲಗುವುದೂ ಅದರ ಮೇಲೆ. ಗೋಡೆಯ ಮೊಳೆಯೊಂದರಲ್ಲಿ ಕಾಲರು, ಕಾಲರಿನ ಪಟ್ಟಿ, ಜೇಬು ಇವುಗಳ ಕಾಗದದ ಮಾದರಿಗಳು ಒಂದೇ ದಾರದಲ್ಲಿ ಪೋಣಿಸಿಕೊಂಡು ನೇತಾಡುತ್ತವೆ. ಪ್ರತಿಯೊಂದರ ಮೇಲೂ ನೀಲಿ ಪೆನ್ಸಿಲಿನಲ್ಲಿ ಅಳತೆ: ಹನ್ನೊಂದು, ಹನ್ನೊಂದೂವರೆ, ಹನ್ನೆರಡು. ಕತ್ತರಿಸಿ ಉಳಿದ ಚೂರನ್ನೂ ಅವಳು ಎಸೆಯುವವಳಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಟ್ಟು ಗುಂಡಿ, ಹುಕ್ಕು ಪೊಟ್ಟಣ ಕಟ್ಟಲು ಬಳಸುತ್ತಾಳೆ. “ಇವಳು ನೆರಳನ್ನೂ ಮಡಿಸಿ ಪೆಟ್ಟಿಗೇಲಿ ಇಡೋಳು,” ಎಂದು ಅತ್ತೆ ಹೇಳುವುದುಂಟು. ಮೆಚ್ಚುಗೆಯೋ ಕುಹಕವೋ ಎಂದು ಕೇಳಿದರೆ ಅತ್ತೆಗೂ ಗೊತ್ತಿರಲಿಕ್ಕಿಲ್ಲ. ಗಂಡ ನೀರಿನ ಟ್ಯಾಂಕರ್ ಓಡಿಸುತ್ತಾನೆ. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾನೆ.

ಅವರಿಗೆ ಒಬ್ಬಳೇ ಮಗಳು, ಐದನೆಯ ತರಗತಿ. ಕೈಗೆ ಸಿಕ್ಕಿದ್ದನ್ನೆಲ್ಲ ಟೇಪು ಹಿಡಿದು ಅಳೆಯುವ ಹುಚ್ಚು ಮೂರನೆಯ ವಯಸ್ಸಿಗೇ ಅಂಟಿದ್ದರಿಂದ ಮನೆಯಲ್ಲೂ ಬೀದಿಯಲ್ಲೂ ಅವಳು ಇಂಚು. ಬೆಕ್ಕಿನ ಬಾಲ ಒಂಬತ್ತೂಕಾಲು, ಅಜ್ಜಿಯ ಮೂಗು ಎರಡು. ಅಜ್ಜಿ ಆ ಲೆಕ್ಕವನ್ನು ಇಂದಿಗೂ ಒಪ್ಪಿಲ್ಲ. ಮಾತು ಮಾತ್ರ ಅಳೆದು ಸುರಿದ ಹಾಗೆ. ಕೇಳಿದ್ದಕ್ಕೆ ಉತ್ತರ, ಕೇಳದಿದ್ದರೆ ಅದೂ ಇಲ್ಲ.

ಹೋದ ವರ್ಷದ ಮಳೆಗಾಲದ ಮೊದಲು ಇಂಚು ಒಂದು ಕೆಲಸ ಮಾಡಿದ್ದಳು. ಮಂಚದ ಮೇಲೆ ಅಂಗಿ ಬಟ್ಟೆ ಹರಡಿ, ತಾಯಿ ಮಾದರಿಗಳನ್ನು ಜೋಡಿಸುತ್ತಿದ್ದುದನ್ನು ನೋಡುತ್ತ ನಿಂತವಳು, “ಅಮ್ಮ, ತೋಳನ್ನ ತಲೆಕೆಳಗು ಮಾಡು,” ಎಂದಳು.

“ತಲೆಕೆಳಗು ಮಾಡಿದ್ರೆ ಹಾಕ್ಕೊಳ್ಳೋನು ಕೈ ಮೇಲೆತ್ತಿಕೊಂಡು ಓಡಾಡಬೇಕಾಗುತ್ತೆ ಅಷ್ಟೆ.”

“ಬಟ್ಟೆ ಎರಡು ಕಡೆಗೂ ಒಂದೇ ಥರ ಇದೆಯಲ್ಲಮ್ಮ. ಗೆರೆ ಇಲ್ಲ, ಹೂವಿಲ್ಲ. ಯಾವ ಕಡೆ ತಿರುಗಿಸಿ ಕತ್ತರಿಸಿದ್ರೂ ಗೊತ್ತಾಗಲ್ಲ. ತೋಳಿನ ಉಬ್ಬು ಈ ಕಂಕುಳ ತಗ್ಗಿನೊಳಗೆ ಕೂತ್ಕೊಳ್ಳುತ್ತೆ. ನೋಡು. ಕಾಲರು ಇಲ್ಲಿ ನಡುವೆ.”

ಕೂತುಕೊಂಡಿತು. ಪ್ರತಿ ಅಂಗಿಗೂ ಒಂದು ಗೇಣು ಬಟ್ಟೆ ಉಳಿಯಿತು. ಹದಿನಾಲ್ಕು ವರ್ಷದಿಂದ ಕತ್ತರಿ ಹಿಡಿದಿದ್ದ ಕಾಲರಕ್ಕ ಉಳಿದ ಬಟ್ಟೆಯನ್ನು ಎರಡು ಸಲ ಅಳೆದು ನೋಡಿದಳು. ಆಮೇಲೆ ಮಗಳಿಗೆ ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡಲು ಹೇಳಿದಳು. ಇಂಚು ಚೌಕುಳಿ ಹಾಳೆಯಲ್ಲಿ ಆರು ಅಳತೆಗೂ ಆರು ಚಿತ್ರ ಬರೆದಳು. ಅದು ಈಗಲೂ ಯಂತ್ರದ ಮೇಲಿನ ಗೋಡೆಯಲ್ಲಿದೆ.

ಹಾಗಾಗಿ ಈ ವರ್ಷ, ಪಟ್ಟಣದ ದೊಡ್ಡ ಶಾಲೆಯಲ್ಲಿ ‘ಪ್ರತಿಭಾ ತರಗತಿ’ ಅಂತ ಒಂದಿದೆ, ಸರ್ಕಾರಿ ಶಾಲೆಗಳ ಚುರುಕು ಮಕ್ಕಳಿಗೆ ವಾರಕ್ಕೆ ಎರಡು ಸಂಜೆ ಬೇರೆ ಪಾಠ, ಬಿಟ್ಟಿ, ಐದನೆಯ ತರಗತಿಯಲ್ಲಿ ಸೇರಿದರೆ ಏಳು ಮುಗಿಯುವ ತನಕ ಎಂದು ಬಟ್ಟೆ ಕೊಡಲು ಬಂದ ಹೆಂಗಸೊಬ್ಬಳಿಂದ ಕೇಳಿದಾಗ ಕಾಲರಕ್ಕನ ಕಾಲು ಪೆಡಲಿನ ಮೇಲೆ ನಿಂತಿತು. “ನಮ್ಮವನಿಗೆ ಅರ್ಜಿ ಕೊಟ್ಟಿದ್ದಾರೆ ಕಣೇ. ತರಗತೀಲಿ ಆರೇ ಜನಕ್ಕೆ. ನಿನ್ನ ಮಗಳಿಗೆ ಕೊಡ್ಲಿಲ್ವಾ?”

ಕೊಟ್ಟಿರಲಿಲ್ಲ. ಇಂಚನ್ನು ಕೇಳಿದರೆ, “ಉತ್ತರ ಹೇಳೋರಿಗೆ ಕೊಟ್ರು,” ಎಂದಳು.

“ನಿಂಗೆ ಉತ್ತರ ಗೊತ್ತಿರಲ್ವಾ?”

“ಗೊತ್ತಿರುತ್ತೆ.”

“ಮತ್ತೆ ಹೇಳೋಕೇನು ಧಾಡಿ?”

“ಅವರು ಹೇಳಿಬಿಟ್ಟಿರ್ತಾರಲ್ಲ.”

ಮಾರನೆಯ ದಿನ ಕಾಲರಕ್ಕ ಶಾಲೆಗೆ ಹೋದಳು. ಟೀಚರು ಕೆಟ್ಟವರಲ್ಲ. ನಲವತ್ತೆಂಟು ಮಕ್ಕಳ ಪುಸ್ತಕ ಮೇಜಿನ ಮೇಲೆ ಗೋಡೆಯ ಹಾಗೆ ಎದ್ದಿತ್ತು. ಅದರ ಹಿಂದಿನಿಂದ ಇಣುಕಿ ಮಾತಾಡಿದರು. “ಕೂತ್ಕೊಳ್ಳಿ. ನಿಮ್ಮ ಹುಡುಗಿ ಬಗ್ಗೆ ಒಂದು ದೂರೂ ಇಲ್ಲ. ಗಲಾಟೆ ಇಲ್ಲ, ಜಗಳ ಇಲ್ಲ. ತುಂಬ ಒಳ್ಳೆ ಮಗು.”

“ಆ ತರಗತಿಗೆ, ಟೀಚರೇ...”

“ಆರು ಹೆಸರು ಕೇಳಿದ್ರು. ಕೈ ಎತ್ತೋ ಮಕ್ಕಳನ್ನ ಕಳಿಸಿದೆ. ಕೈ ಎತ್ತದಿದ್ರೆ ಒಳಗೇನಿದೆ ಅಂತ ನಾನು ಹೇಗೆ ತಿಳ್ಕೊಳ್ಳಲಿ, ಹೇಳಿ? ಹೆಸರು ಹೋಗಿಬಿಟ್ಟಿದೆ. ಇನ್ನು ನನ್ನ ಕೈಯಲ್ಲಿಲ್ಲ.”

ಹಿಂದಿರುಗುವಾಗ ಅವಳಿಗೆ ತನ್ನ ಶಾಲೆಯ ಕಿಟಕಿ ಪಕ್ಕದ ಬೆಂಚು ನೆನಪಾಯಿತು. ಅಲ್ಲಿ ಕೂತಿದ್ದ ಏಳು ವರ್ಷವೂ ಅವಳಿಗೆ ಸಿಕ್ಕಿದ್ದು ಅದೇ ಎರಡು ಮಾತು, ‘ಒಳ್ಳೆ ಹುಡುಗಿ.’ ಎಂಟನೆಯದಕ್ಕೆ ಹೊಲಿಗೆ ಕಲಿಯಲು ಕಳಿಸಿದಾಗಲೂ ಒಳ್ಳೆ ಹುಡುಗಿಯಾಗಿಯೇ ಹೋಗಿದ್ದಳು.

ಅತ್ತೆಗೆ ವಿಷಯ ಹೇಳಿದರೆ, “ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಅಂತಾರೆ. ನಿನ್ನ ಮಗಳು ನಿನ್ನಂಗೆ, ಬಾಯಲ್ಲಿ ಗುಂಡುಸೂಜಿ ಕಚ್ಕೊಂಡೇ ಹುಟ್ಟಿದಾಳೆ,” ಎಂದರು. ಆಗ ಅವಳ ಬಾಯಲ್ಲಿ ನಿಜವಾಗಿಯೂ ಮೂರು ಗುಂಡುಸೂಜಿ ಇದ್ದವು. 

ಅದಾದ ಎರಡನೆಯ ವಾರ ಗಂಟೆ ಮಾವ ರದ್ದಿ ಕಟ್ಟು ತಂದ. ಹೊಸ ಪುಸ್ತಕ ಇಡಲು ಕಪಾಟು ಖಾಲಿ ಮಾಡಿದ್ದರಂತೆ. ಒಂದು ಕಡೆ ಮಾತ್ರ ಅಚ್ಚಾಗಿದ್ದ, ಕೆನೆ ಬಣ್ಣದ, ದಪ್ಪ ಹಾಳೆಗಳು ಈ ಸಲವೂ ಇದ್ದವು, ಹದಿನಾಲ್ಕು. ಮೂರು ವರ್ಷದಿಂದ ಈ ಕಾಲಕ್ಕೆ ಸರಿಯಾಗಿ ಬರುತ್ತಿದ್ದ ಕಾಗದ ಅದು. ಅದರಲ್ಲಿ ಕತ್ತರಿಸಿದ ಕಾಲರಿಗೆ ಸಾಟಿಯಿಲ್ಲ. ಸಮವಸ್ತ್ರದ ಹಂಗಾಮು ಕತ್ತಿನವರೆಗೆ ಬಂದಿತ್ತು. ಅವಳು ಅಚ್ಚಾಗಿದ್ದ ಮಗ್ಗುಲನ್ನು ಕೆಳಗೆ ಹಾಕಿ, ಖಾಲಿ ಮಗ್ಗುಲಲ್ಲಿ ಗೆರೆ ಎಳೆದು, ಹದಿನಾಲ್ಕನ್ನೂ ಒಂದು ಮಧ್ಯಾಹ್ನದಲ್ಲಿ ಕತ್ತರಿಸಿ ಮುಗಿಸಿದಳು. ಕಾಗದ ಅಂದರೆ ಅವಳಿಗೆ ಅಳತೆ. ಓದುವುದಕ್ಕೆ ಅಂತ ಕೈಗೆತ್ತಿಕೊಂಡರೆ ತಾನೆ ಓದುವುದು!

ಶನಿವಾರ ಶಾಲೆ ಅರ್ಧ ದಿನ. ಊಟ ಮುಗಿಸಿದ ಇಂಚು ಮಂಚದ ಮೇಲೆ ಮೊಣಕಾಲೂರಿ ಕಾಲರಿನ ಮಾದರಿಯ ಸುತ್ತ ಬಳಪ ಎಳೆಯುತ್ತಿದ್ದಳು. ಎಡ ಭಾಗಕ್ಕೆಂದು ಮಾದರಿಯನ್ನು ಮಗುಚಿ ಹಾಕಿದವಳು ಬಳಪ ಕೆಳಗಿಟ್ಟಳು.

“ಅಮ್ಮ, ಇದು ಆ ಅರ್ಜಿ.”

“ಯಾವ ಅರ್ಜಿ?”

“ಪ್ರತಿಭಾ ತರಗತೀದು. ಹನ್ನೆರಡೂವರೆ ಕಾಲರಿನ ಹಿಂದೆ ಇದೆ.” ಆಮೇಲೆ ಬೆರಳಿಟ್ಟು ಓದಿದಳು. “‘ಶಾಲೆಯಿಂದ ಹೆಸರು ಬಾರದ ಮಕ್ಕಳ ಪರವಾಗಿ ಪೋಷಕರೇ ನೇರವಾಗಿ ಅರ್ಜಿ ಸಲ್ಲಿಸಬಹುದು. ಮಗು ಸ್ವತಃ ಮಾಡಿದ ಒಂದು ಕೆಲಸದ ಮಾದರಿಯನ್ನು...’ ಇಲ್ಲಿಗೆ ಕತ್ತರಿಸಿಬಿಟ್ಟಿದ್ದೀಯ.”

ಕಾಲರಕ್ಕ ಮೊಳೆಯಿಂದ ದಾರದ ಗೊಂಚಲನ್ನೇ ಕಿತ್ತು ತಂದಳು. ತಾಯಿ ಮಗಳು ಒಂದೊಂದನ್ನೇ ಮಗುಚಿ ಓದಿದರು. ಒಂದು ಜೇಬಿನ ಹಿಂದೆ ಸಿಕ್ಕಿತು: ‘ಕೊನೆಯ ದಿನ’ ಎಂದು ಅದೇ ದಿನದ ತಾರೀಖು, ಸಂಜೆ ನಾಲ್ಕು ಗಂಟೆ. ಇನ್ನೊಂದು ಕಾಲರಿನಲ್ಲಿ: ‘ಶಾಲೆಯ ಮುದ್ರೆ ಇರುವ ಮೂಲ ಅರ್ಜಿಯೇ ಆಗಬೇಕು; ಜೆರಾಕ್ಸ್ ಪ್ರತಿ ಸ್ವೀಕರಿಸುವುದಿಲ್ಲ.’ ಗೋಡೆ ಗಡಿಯಾರದಲ್ಲಿ ಒಂದೂಕಾಲು.

ಅವಳು ಚಪ್ಪಲಿಯನ್ನೂ ಮೆಟ್ಟದೆ ಮೂರನೆಯ ಮನೆಯ ಗಂಟೆ ಮಾವನಲ್ಲಿಗೆ ಓಡಿದಳು. “ಮಾವ, ಆ ದಪ್ಪ ಕಾಗದ ಇನ್ನೊಂದು ಇದೆಯಾ? ಒಂದೇ ಒಂದು?”

ಮಾವ ಕೈ ತೊಳೆಯುತ್ತಿದ್ದವನು ತಿರುಗಿದ. “ಇಪ್ಪತ್ತು ಬಂದಿತ್ತಮ್ಮ. ಬಂದ ದಿನಾನೇ ಹೆಡ್‌ಮಾಸ್ಟರು ಎಲ್ಲದಕ್ಕೂ ಮುದ್ರೆ ಒತ್ತಿಟ್ರು. ಆರು ಹಂಚಿದ್ರು, ಮಿಕ್ಕಿದ್ದು ನಿಂಗೇ ಕೊಟ್ನಲ್ಲ. ಯಾಕೆ, ಸಾಲಲಿಲ್ವಾ?”

 ಅವಳು ನಿಧಾನವಾಗಿ ವಾಪಸು ನಡೆದಳು. ಮೂರು ವರ್ಷ! ಈ ಬೀದಿಯ ಅರ್ಧ ಮಕ್ಕಳ ಕೊರಳಿನ ಅಳತೆ ಆ ಕಾಗದದ ಮೇಲೆಯೇ ಇತ್ತು; ಆ ಕಾಗದ ಮಾತ್ರ ಒಬ್ಬರ ಕೈಗೂ ಬಂದಿರಲಿಲ್ಲ. ಕತ್ತರಿಸಿದ ಕೈ ತನ್ನದೇ.

“ದೇವರು ವರ ಕೊಟ್ರೂ ಪೂಜಾರಿ ಕೊಡ ಅಂತಾರೆ,” ಎಂದರು ಅತ್ತೆ. “ಇಲ್ಲಿ ಪೂಜಾರಿ ಬಿಸಾಕಿದ್ದನ್ನ ನೀನು ಆರಿಸ್ಕೊಂಡು ಬಂದು ಕತ್ತರಿಸಿದೆಯಲ್ಲೇ ತಾಯಿ!”

“ಅತ್ತೆ, ನೀವು ಸ್ವಲ್ಪ ಸುಮ್ಮನಿರಿ.” ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಆ ಮಾತು ಅದೇ ಮೊದಲು. ಅತ್ತೆ ಎಷ್ಟು ಬೆರಗಾದರೆಂದರೆ ನಿಜವಾಗಿಯೂ ಸುಮ್ಮನಾದರು.

ಇಷ್ಟರಲ್ಲಿ ಇಂಚು ಬಿಸ್ಕತ್ತಿನ ಡಬ್ಬಿ ಮಗುಚಿದ್ದಳು. ಗುಂಡಿಯ ಪೊಟ್ಟಣಗಳನ್ನು ಬಿಚ್ಚಿ, ಗುಂಡಿಗಳನ್ನು ಅಜ್ಜಿಯ ಮಡಿಲಿಗೆ ಸುರಿದು, ಕಾಗದ ಬಿಡಿಸುತ್ತಿದ್ದಳು. ಯಾವ ಅರ್ಜಿಯ ಚೂರೂ ಪೂರ್ತಿ ಸಿಗುವಂತಿರಲಿಲ್ಲ. ಕೆಲವು ಗಿರಾಕಿಗಳ ಮನೆಗೆ ಹುಕ್ಕಿನ ಜೊತೆ ಹೋಗಿಯಾಗಿತ್ತು.

“ಒಂದೇ ಅರ್ಜೀದು ಬೇಡಮ್ಮ,” ಎಂದಳು. “ಎಲ್ಲಾ ಒಂದೇ ಅಚ್ಚು. ಯಾವುದರ ಮೇಲೆ ಯಾವುದಿಟ್ರೂ ಸಾಲಿಗೆ ಸಾಲು ಕೂಡುತ್ತೆ. ಹೆಸರು ಬರೆಯೋ ಜಾಗ ಹನ್ನೊಂದರ ಕಾಲರಲ್ಲಿ ಇದೆ. ಮುದ್ರೆ ಈ ಮೂಲೆ ಚೂರಲ್ಲಿ. ನಡುವಿನದು ಜೇಬಲ್ಲಿ. ಎಡಗಡೆ ಅಂಚಿಗೆ ಏನಾದ್ರೂ ಹುಡುಕು.”

ತಾಯಿ ಹುಡುಕಿದಳು. ಅತ್ತೆ ಸೊಂಟ ಹಿಡಿದುಕೊಂಡೇ ಬಗ್ಗಿ, ಮಂಚದ ಕೆಳಗಿನಿಂದ ಒಂದು ಚೂರು ಎತ್ತಿ ಕೊಟ್ಟರು.  ಅರ್ಧ ಗಂಟೆಯಲ್ಲಿ ಐದು ಚೂರು ಸೇರಿ ಒಂದು ಅರ್ಜಿ ಮಂಚದ ಮೇಲೆ ಮಲಗಿತು. ಅಂಟಿನ ಬಾಟಲಿ ನೋಡಿದರೆ ಒಣಗಿ ಕಲ್ಲಾಗಿತ್ತು.

“ಹೊಲೀತೀನಿ,” ಎಂದಳು ಕಾಲರಕ್ಕ.

ಕಾಗದಕ್ಕೆ ಸಣ್ಣ ಹೊಲಿಗೆ ಹಾಕಿದರೆ ಅಂಚೆಚೀಟಿಯ ಹಾಗೆ ಸಾಲಾಗಿ ತೂತು ಬಿದ್ದು ಹರಿದು ಕೈಗೆ ಬರುತ್ತದೆ. ಅವಳು ಹೊಲಿಗೆಯನ್ನು ಎಷ್ಟು ದೊಡ್ಡದು ಮಾಡಲು ಬರುತ್ತದೋ ಅಷ್ಟು ದೊಡ್ಡದು ಮಾಡಿ, ತೆಳ್ಳನೆಯ ಸೂಜಿ ಏರಿಸಿ, ಬಿಳಿ ದಾರ ಹಾಕಿ, ಚಕ್ರವನ್ನು ಕೈಯಲ್ಲೇ ತಿರುಗಿಸುತ್ತ ಒಂದೊಂದೇ ಹೊಲಿಗೆ ಇಳಿಸಿದಳು. ಅಕ್ಷರದ ಮೇಲೆ ಸೂಜಿ ಬೀಳದಂತೆ ಸಾಲುಗಳ ನಡುವೆಯೇ ನಡೆಸಿದಳು. ಆಮೇಲೆ ಇಂಚು ಹೆಸರು, ತರಗತಿ, ಮನೆ ವಿಳಾಸ ತುಂಬಿದಳು. ಸಹಿ ತಾಯಿಯದು. ‘ಕೆಲಸದ ಮಾದರಿ’ ಎಂದಿದ್ದಲ್ಲಿಗೆ ಕಾಲರಕ್ಕ ಗೋಡೆಯ ಚೌಕುಳಿ ಹಾಳೆಯನ್ನು ಬಿಚ್ಚಿ, ಎರಡು ಗುಂಡುಸೂಜಿ ಚುಚ್ಚಿದಳು.

ದೊಡ್ಡ ಶಾಲೆಗೆ ಎರಡು ಬಸ್ಸು. ಕಚೇರಿಯ ಕಿಂಡಿಯ ಮುಂದೆ ನಿಂತಾಗ ನಾಲ್ಕಕ್ಕೆ ಹತ್ತು ನಿಮಿಷ ಇತ್ತು. ಗುಮಾಸ್ತ ಅರ್ಜಿಯನ್ನು ತೆಗೆದುಕೊಂಡು, ಬೆಳಕಿಗೆ ಹಿಡಿದು, ಮತ್ತೆ ಅವಳ ಮುಖ ನೋಡಿದ.

“ಏನಮ್ಮ ಇದು, ಅರ್ಜಿಯೋ ಅಂಗಿಯೋ?”

“ಅರ್ಜಿ ಸಾರ್. ಮೂಲ ಅರ್ಜೀನೇ. ಮುದ್ರೆ ಇದೆ ನೋಡಿ.”

“ಹಿಂದೆ ಹನ್ನೊಂದು ಅಂತಿದೆ, ಹನ್ನೆರಡು ಅಂತಿದೆ. ಏನಿದು, ಮಗೂ ವಯಸ್ಸಾ?”

“ಕೊರಳು, ಸಾರ್.”

ಸಾಲಿನಲ್ಲಿ ಹಿಂದೆ ನಿಂತಿದ್ದವರು ನಕ್ಕರು. ಕಾಲರಕ್ಕ ಕಿಂಡಿಯಿಂದ ಕೈ ತೆಗೆಯಲಿಲ್ಲ. “ಮೂಲ ಪ್ರತಿ ಆಗಬೇಕು ಅಂತ ಬರೆದಿದ್ದೀರ ಸಾರ್. ಒಂದೇ ತುಂಡಾಗಿರಬೇಕು ಅಂತ ಎಲ್ಲೂ ಬರೆದಿಲ್ಲ. ನಾನು ಎಲ್ಲಾ ಚೂರನ್ನೂ ಓದಿದೀನಿ.”

ಗುಮಾಸ್ತ ತಲೆ ಕೆರೆದುಕೊಂಡು ಒಳಗೆ ಹೋದ. ಬಂದದ್ದು ಅವನಲ್ಲ, ಪ್ರತಿಭಾ ತರಗತಿ ನಡೆಸುವ ಮೇಡಂ. ಕನ್ನಡಕವನ್ನು ಹಣೆಗೇರಿಸಿ ಅರ್ಜಿಯ ಹೊಲಿಗೆಯ ಮೇಲೆ ಬೆರಳಾಡಿಸಿದರು. ಗುಂಡುಸೂಜಿ ಚುಚ್ಚಿದ್ದ ಹಾಳೆಯನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದರು. ಆಮೇಲೆ ಕಿಂಡಿಯಿಂದ ಬಗ್ಗಿ ಇಂಚನ್ನು ಕೇಳಿದರು, “ಇದನ್ನ ಯಾರು ಬರೆದಿದ್ದು?”

ಇಂಚು ತಾಯಿಯ ಸೆರಗು ಹಿಡಿದಳು. ಕಾಲರಕ್ಕನ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ನುಂಗಿಕೊಂಡಳು. ಇದೊಂದನ್ನು ಮಗಳ ಬದಲು ತಾನು ಹೇಳಿದರೆ, ಹೊಲಿದದ್ದೆಲ್ಲ ಬಿಚ್ಚಿಹೋಗುತ್ತದೆ ಅನ್ನಿಸಿತು.

“ನಾನು,” ಎಂದಳು ಇಂಚು.

“ಇಲ್ಲಿ ತೋಳು ಯಾಕೆ ತಲೆಕೆಳಗಿದೆ?”

ಆ ಪ್ರಶ್ನೆಯ ಉತ್ತರವನ್ನು ಬೇರೆ ಯಾರೂ ಮೊದಲೇ ಹೇಳಿಬಿಡುವಂತಿರಲಿಲ್ಲ. ಇಂಚು ಸೆರಗು ಬಿಟ್ಟು, ತುದಿಗಾಲಲ್ಲಿ ನಿಂತು, ಕಿಂಡಿಯೊಳಗೆ ಕೈ ತೂರಿಸಿ ಹಾಳೆಯ ಮೇಲೆ ತೋರಿಸತೊಡಗಿದಳು. ಉಬ್ಬು ಯಾವುದು, ತಗ್ಗು ಯಾವುದು, ಹನ್ನೆರಡರ ಅಳತೆಗೆ ಹೀಗೆ ಕೂತರೂ ಹದಿಮೂರಕ್ಕೆ ಏಕೆ ಕೂರುವುದಿಲ್ಲ, ಅದಕ್ಕೇನು ಮಾಡಬೇಕು. ಹುಡುಗಿ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ತಾಯಿಯೂ ಕೇಳಿರಲಿಲ್ಲ. ಸಾಲಿನಲ್ಲಿದ್ದವರು ನಾಲ್ಕು ಗಂಟೆಯಾಯಿತು ಎಂದು ಗೊಣಗಿದರು.

“ಅರ್ಜಿ ತಗೊಳ್ಳಿ,” ಎಂದರು ಮೇಡಂ ಗುಮಾಸ್ತನಿಗೆ. ಕಾಲರಕ್ಕನ ಕಡೆ ತಿರುಗಿ, “ಪರೀಕ್ಷೆ ಇದೆ. ಅದನ್ನ ಅವಳೇ ಬರೀಬೇಕು. ಅಲ್ಲಿ ಹೊಲಿಗೆ ನಡೆಯಲ್ಲ,” ಎಂದು ನಕ್ಕರು.

“ಅರ್ಜಿ ಯಾಕೆ ಹೀಗಾಯ್ತು?” ಎಂದು ಅವರು ಕೇಳಿದ್ದು ಆಮೇಲೆ. ಕಾಲರಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಇಪ್ಪತ್ತು ಬಂದದ್ದು, ಆರು ಹಂಚಿದ್ದು, ಮಿಕ್ಕಿದ್ದು ಕಾಲರಾದದ್ದು. ಮೇಡಂ ನಗಲಿಲ್ಲ. ಗುಮಾಸ್ತ ಮಾತ್ರ, “ಪೋಷಕರು ಕೇಳಿದ್ರೆ ಎಷ್ಟು ಬೇಕಾದ್ರೂ ಕೊಡ್ತೀವಲ್ಲಮ್ಮ, ಯಾರೂ ಕೇಳೇ ಇಲ್ಲ,” ಎಂದ.

“ಇದೆ ಅಂತ ಗೊತ್ತಿದ್ರಲ್ವಾ ಸಾರ್ ಕೇಳೋದು?”

ಪರೀಕ್ಷೆ ಆಯಿತು. ಫಲಿತಾಂಶದ ಪಟ್ಟಿ ಅಂಟಿಸಿದ ದಿನ ಗಂಡನೇ ಟ್ಯಾಂಕರನ್ನು ದೊಡ್ಡ ಶಾಲೆಯ ಗೇಟಿನ ಹತ್ತಿರ ನಿಲ್ಲಿಸಿ, ಇಳಿದು ಹೋಗಿ ನೋಡಿ ಬಂದ. ಮೇಲಿನಿಂದ ಓದುತ್ತ ಬಂದವನಿಗೆ ಇಪ್ಪತ್ತರವರೆಗೂ ಮಗಳ ಹೆಸರು ಸಿಗದೆ, ಹಿಂದಿರುಗಿಬಿಡೋಣ ಎನ್ನಿಸಿತಂತೆ. ಇದ್ದದ್ದು ಇಪ್ಪತ್ತಮೂರನೆಯದು. ತೆಗೆದುಕೊಂಡದ್ದು ಇಪ್ಪತ್ತನಾಲ್ಕು ಜನರನ್ನು. “ಅಂಚಿಗೆ ಬಂದಿದೆ,” ಎಂದ ಮನೆಗೆ ಬಂದು. “ಅಂಚಾದ್ರೇನು,” ಎಂದರು ಅತ್ತೆ, “ಅಂಚಿದ್ರೇ ಬಟ್ಟೆ ಬಿಚ್ಚಿಕೊಳ್ಳದೆ ಇರೋದು.” ಅತ್ತೆಯಿಂದ ಬಂದ ಮಾತಾದ್ದರಿಂದ ಕಾಲರಕ್ಕ ಅದನ್ನು ಎರಡು ಸಲ ಹೇಳಿಸಿದಳು.

ಈಗ ವಾರಕ್ಕೆರಡು ಸಂಜೆ ತಾಯಿ ಮಗಳು ಎರಡು ಬಸ್ಸು ಹತ್ತಿ ಹೋಗುತ್ತಾರೆ. ಹುಡುಗಿಯನ್ನು ಒಬ್ಬಳನ್ನೇ ಕಳಿಸುವ ದೂರವಲ್ಲ. ಬಿಟ್ಟು ಬಂದು ಮತ್ತೆ ಹೋಗುವಷ್ಟು ಹೊತ್ತೂ ಇಲ್ಲ. ಅದಕ್ಕೆ ಕಾಲರಕ್ಕ ಚೀಲದಲ್ಲಿ ಗುಂಡಿ, ದಾರ, ಗುಂಡಿ ತೂತಿಗೆ ಕಾಜಾ ಹಾಕಬೇಕಾದ ಅಂಗಿಗಳನ್ನು ಒಯ್ದು ತರಗತಿಯ ಹೊರಗಿನ ಕಲ್ಲು ಬೆಂಚಿನಲ್ಲಿ ಕೂರುತ್ತಾಳೆ. ಒಂದೂವರೆ ಗಂಟೆಯಲ್ಲಿ ನಾಲ್ಕು ಅಂಗಿ ಮುಗಿಯುತ್ತವೆ. ಬಾಗಿಲು ಅರ್ಧ ತೆರೆದಿರುವುದರಿಂದ ಒಳಗಿನ ಮಾತು ಕೇಳಿಸುತ್ತದೆ. ಮಗಳ ದನಿ ಮೊದಲ ತಿಂಗಳೆಲ್ಲ ಕೇಳಿಸಲಿಲ್ಲ. ಎರಡನೆಯ ತಿಂಗಳು ಒಂದು ದಿನ ಕೇಳಿಸಿತು, ಉತ್ತರವಲ್ಲ, ಪ್ರಶ್ನೆ. ಅವಳು ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು ಪ್ರಶ್ನೆ ಮುಗಿಯುವ ತನಕ ಕಾದಳು. ಗುಮಾಸ್ತ ಅತ್ತ ಹಾದುಹೋಗುವಾಗ, “ಅಮ್ಮ, ಈ ತೋಳಿನ ಗುಂಡಿ ಒಂದು...” ಎಂದು ಕೈ ಚಾಚುತ್ತಾನೆ. ಅವಳು ಅವನನ್ನು ಬೆಂಚಿನ ಇನ್ನೊಂದು ತುದಿಗೆ ಕೂರಿಸಿ ಹಾಕಿಕೊಡುತ್ತಾಳೆ.

ವರ್ಷ ತಿರುಗಿ ಸಮವಸ್ತ್ರದ ಹಂಗಾಮು ಮತ್ತೆ ಬಂದಾಗ ಅವಳು ಗುಂಡಿಗೆ ಬದಲಾಗಿ ಗುಮಾಸ್ತನಿಂದ ಅರ್ಜಿಗಳ ಒಂದು ಕಟ್ಟು ಕೇಳಿದಳು. ಐವತ್ತು ಕೆನೆ ಬಣ್ಣದ ಹಾಳೆ. ಅದನ್ನು ಮಗಳ ಶಾಲೆಯ ಹೆಡ್‌ಮಾಸ್ಟರ ಬಳಿ ಒಯ್ದು, ಐವತ್ತಕ್ಕೂ ಮುದ್ರೆ ಒತ್ತಿಸುವ ತನಕ ಎದುರಿನ ಕುರ್ಚಿಯಿಂದ ಏಳಲಿಲ್ಲ. ಟೀಚರು ಪುಸ್ತಕದ ಗೋಡೆಯ ಹಿಂದಿನಿಂದ ನೋಡಿದರು. ಆಮೇಲೆ ಎದ್ದು ಬಂದು, “ನನ್ನ ತರಗತೀಲಿ ಮೂಲೇಲಿ ಕೂರೋ ಇಬ್ಬರಿದ್ದಾರೆ, ಅವರಿಗೆ ನಾನೇ ಕೊಡ್ತೀನಿ,” ಎಂದು ಎರಡು ಹಾಳೆ ತೆಗೆದುಕೊಂಡರು.

ಉಳಿದ ನಲವತ್ತೆಂಟು ಮನೆಗೆ ಬಂದವು. ಐದನೆಯ ತರಗತಿಗೆ ಹೋಗುವ ಮಗುವಿನ ಅಂಗಿ ಹೊಲಿದು ಮುಗಿದ ಕೂಡಲೇ ಅತ್ತೆ ಒಂದು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಅದರ ಜೇಬಿನಲ್ಲಿಟ್ಟು, ಮೇಲೊಂದು ಗುಂಡುಸೂಜಿ ಚುಚ್ಚುತ್ತಾರೆ. ಅಂಗಿ ಒಯ್ಯಲು ಬಂದ ಹೆಂಗಸು ಜೇಬು ಮುಟ್ಟಿ ನೋಡಿ, “ಇದೇನೇ ಕಾಲರಕ್ಕ, ಈ ವರ್ಷ ಜೇಬಿಗೂ ತಗಡು ಹಾಕಿದೀಯ?” ಎನ್ನುತ್ತಾಳೆ.

“ತೆಗೆದು ಓದು,” ಎನ್ನುತ್ತಾಳೆ ಕಾಲರಕ್ಕ. “ಇಲ್ಲೇ ಕೂತು ಓದು. ತುಂಬೋಕೆ ಬರದಿದ್ರೆ ಇಂಚು ತುಂಬಿಕೊಡ್ತಾಳೆ.”

ಕಾಲರಿಗೆ ಈಗ ಹಳೆಯ ಕ್ಯಾಲೆಂಡರಿನ ರಟ್ಟು. ಅಷ್ಟು ಗಟ್ಟಿ ಬರುವುದಿಲ್ಲ, ಅಂಚು ಬೇಗ ಮುದುಡುತ್ತದೆ. ಎರಡು ತಿಂಗಳಿಗೊಮ್ಮೆ ಹೊಸದಾಗಿ ಕತ್ತರಿಸಿಕೊಳ್ಳುತ್ತಾಳೆ. ಕತ್ತರಿಸುವ ಮೊದಲು ಎರಡೂ ಮಗ್ಗುಲು ಓದುತ್ತಾಳೆ.